ಓದುಗರ ಪ್ರಶ್ನೆ: ಎಂಜಿನ್ ಸ್ಟಾರ್ಟ್ ಆದರೆ ಸಾಕೇ?

ಪ್ರಶ್ನೆ: ಜಕ್ಕೂರಿನಲ್ಲಿ ವಿಮಾನ ಹಾರಾಟ ಕಲಿಯುತ್ತಿದ್ದೇನೆ. ನಮ್ಮ ಸೆಸ್ನಾ ವಿಮಾನದ 24 ವೋಲ್ಟ್ ಲೆಡ್-ಆಸಿಡ್ ಬ್ಯಾಟರಿ ಪ್ರತಿದಿನ ಒಂದೇ ಸಲಕ್ಕೆ ಎಂಜಿನ್ ಸ್ಟಾರ್ಟ್ ಮಾಡುತ್ತಿತ್ತು. ಆದರೂ ತಪಾಸಣೆಯಲ್ಲಿ ‘ಕೆಪ್ಯಾಸಿಟಿ ಇಲ್ಲ’ (ಚಾರ್ಜ್ ತುಂಬಿಟ್ಟುಕೊಳ್ಳುವ ಶಕ್ತಿ ಸಾಲದು) ಎಂದು ತೆಗೆದುಹಾಕಿದರು. ಇದು ದುಂದಲ್ಲವೇ?

ಉತ್ತರ: ಖಂಡಿತ ಅಲ್ಲ. ಸ್ಟಾರ್ಟರ್ 200 ಆಂಪಿಯರ್ ಎಳೆದು 5 ಸೆಕೆಂಡ್ ತಿರುಗಿದರೂ ಖರ್ಚಾಗುವುದು ಸುಮಾರು 0.28 ಆಂಪಿಯರ್-ಅವರ್ ಮಾತ್ರ (ಒಂದು ಆಂಪಿಯರ್ ಕರೆಂಟ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). 24 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಇದು ನೂರಕ್ಕೆ ಒಂದಕ್ಕಿಂತ ತುಸು ಹೆಚ್ಚು. ಹಾಗಾಗಿ ಅರ್ಧ ಸತ್ತ ಬ್ಯಾಟರಿಯೂ ಎಂಜಿನ್ ಸ್ಟಾರ್ಟ್ ಮಾಡುತ್ತದೆ. ವಿಮಾನದ ಬ್ಯಾಟರಿಗೆ ಇರುವ ನಿಜವಾದ ಕೆಲಸ ಬೇರೆ: ಎಂಜಿನ್‌ನಿಂದ ತಿರುಗಿ ಕರೆಂಟ್ ಉತ್ಪಾದಿಸುವ ಆಲ್ಟರ್ನೇಟರ್ ಕೈಕೊಟ್ಟಾಗ ನೀವು ಇಳಿಯುವವರೆಗೆ ರೇಡಿಯೊ, ಟ್ರಾನ್ಸ್‌ಪಾಂಡರ್ (ರಾಡಾರ್‌ಗೆ ವಿಮಾನದ ಗುರುತು ತಿಳಿಸುವ ಸಾಧನ), ರೆಕ್ಕೆಯ ಫ್ಲ್ಯಾಪ್‌ಗಳಿಗೆ ಕರೆಂಟ್ ಕೊಡುವುದು. ಬ್ಯಾಟರಿಯ ನೆರವಿಲ್ಲದೆ ಕಿಡಿ ಕೊಡುವ ಮ್ಯಾಗ್ನೆಟೊ ಇರುವುದರಿಂದ ಎಂಜಿನ್ ನಿಲ್ಲುವುದಿಲ್ಲ, ನಿಜ. ಆದರೆ ಒಂದು ಕಡೆ ಯಲಹಂಕದ ವಾಯುಪಡೆ ನೆಲೆ, ಇನ್ನೊಂದು ಕಡೆ ಕೆಂಪೇಗೌಡ ವಿಮಾನ ನಿಲ್ದಾಣ ಇರುವ ಆಕಾಶದಲ್ಲಿ ರೇಡಿಯೊ ಇಲ್ಲದೆ ಉಳಿಯುವುದು ಸಣ್ಣ ಸಂಗತಿಯಲ್ಲ.

ಲೆಕ್ಕ ಹಾಕಿ ನೋಡಿ. ಆಲ್ಟರ್ನೇಟರ್ ನಿಂತದ್ದು 10 ನಿಮಿಷ ಗಮನಕ್ಕೆ ಬರಲಿಲ್ಲ, ಆಗ ಲೋಡ್ 30 ಆಂಪಿಯರ್ ಇತ್ತು ಎನ್ನಿ. ಅಲ್ಲಿಗೆ 5 ಆಂಪಿಯರ್-ಅವರ್ ಹೋಯಿತು. ಆಮೇಲೆ ಬೇಡದ್ದನ್ನೆಲ್ಲ ಆಫ್ ಮಾಡಿ ಲೋಡನ್ನು 14 ಆಂಪಿಯರ್‌ಗೆ ಇಳಿಸಿದಿರಿ. ಬ್ಯಾಟರಿಯಲ್ಲಿ 20 ಆಂಪಿಯರ್-ಅವರ್ ಇದ್ದಿದ್ದರೆ ಇನ್ನೂ ಒಂದು ಗಂಟೆಗೂ ಮೀರಿ ಸಮಯ ಸಿಗುತ್ತದೆ. 12 ಮಾತ್ರ ಇದ್ದಿದ್ದರೆ ಅರ್ಧ ಗಂಟೆ. ಎರಡೂ ಬ್ಯಾಟರಿಗಳು ಬೆಳಿಗ್ಗೆ ಎಂಜಿನ್ ಸ್ಟಾರ್ಟ್ ಮಾಡುವಾಗ ಒಂದೇ ರೀತಿ ಕಂಡಿರುತ್ತವೆ.

ಈ ವ್ಯತ್ಯಾಸ ತೋರಿಸಿಕೊಡುವುದು ಕೆಪ್ಯಾಸಿಟಿ ಟೆಸ್ಟ್ ಒಂದೇ. ಬ್ಯಾಟರಿಯನ್ನು ವಿಮಾನದಿಂದ ಇಳಿಸಿ ಪೂರ್ತಿ ಚಾರ್ಜ್ ಮಾಡಬೇಕು. ಚಾರ್ಜಿಂಗ್ ಕರೆಂಟ್ ಇಳಿಯುತ್ತ ಬಂದು ಒಂದು ಕಡೆ ನಿಂತು, ಗಂಟೆಯಾದರೂ ಕದಲದಿದ್ದರೆ ತುಂಬಿದೆ ಎಂದರ್ಥ. ಬಳಿಕ ಬಿಸಿ ಆರಲು ಬಿಟ್ಟು, ಅದು ಕೋಣೆಯ ಉಷ್ಣತೆಗೆ ಬಂದ ಮೇಲೆ ಡಿಸ್ಚಾರ್ಜ್ ಶುರು ಮಾಡಬೇಕು. ಡೇಟಾ ಪ್ಲೇಟ್ (ಬ್ಯಾಟರಿಯ ವಿವರದ ಫಲಕ) ಮೇಲಿರುವ ಒಂದು ಗಂಟೆಯ ರೇಟಿಂಗ್ 24 ಆಂಪಿಯರ್-ಅವರ್ ಆಗಿದ್ದರೆ 24 ಆಂಪಿಯರ್‌ನಲ್ಲೇ ಎಳೆಯಬೇಕು. ವೋಲ್ಟೇಜ್ 20ಕ್ಕೆ (12 ವೋಲ್ಟ್ ಬ್ಯಾಟರಿಯಾದರೆ 10ಕ್ಕೆ) ಇಳಿದ ಕ್ಷಣ ಸಮಯ ಬರೆದುಕೊಂಡು ನಿಲ್ಲಿಸಬೇಕು. ಕಾಂಕಾರ್ಡ್ ಕಂಪನಿಯ ಸೀಲ್ಡ್ (ನೀರು ಹಾಕಬೇಕಿಲ್ಲದ) ಬ್ಯಾಟರಿಗೆ ಕನಿಷ್ಠ ಮಿತಿ 85 ಶೇಕಡಾ, ಅಂದರೆ 51 ನಿಮಿಷ. ಗಿಲ್ ಕಂಪನಿಯ ಬ್ಯಾಟರಿಗೆ 80 ಶೇಕಡಾ, 48 ನಿಮಿಷ. ಟೆಸ್ಟ್ ಎಷ್ಟು ತಿಂಗಳಿಗೊಮ್ಮೆ ಎಂಬುದು ತಯಾರಕರ ಮೇಂಟೆನೆನ್ಸ್ ಮ್ಯಾನ್ಯುಯಲ್‌ನಲ್ಲಿ ಇರುತ್ತದೆ. ಅದನ್ನೇ ಪಾಲಿಸಿ.

ಟೆಸ್ಟ್ ಹಾಳಾಗುವುದು ಹೆಚ್ಚಾಗಿ ಎರಡು ಕಡೆ. ಬಲ್ಬು ಅಥವಾ ರೆಸಿಸ್ಟರ್ ಲೋಡ್ ಹಾಕಿದರೆ ವೋಲ್ಟೇಜ್ ಇಳಿದಂತೆ ಕರೆಂಟೂ ಇಳಿಯುತ್ತದೆ. ಅದನ್ನು ಹೊಂದಿಸುತ್ತಲೇ ಇರದಿದ್ದರೆ ಸೋತ ಬ್ಯಾಟರಿ ಪಾಸಾಗಿಬಿಡುತ್ತದೆ. ಇನ್ನೊಂದು, ಲೋಡ್ ಕ್ಲಿಪ್ ಮೇಲೆಯೇ ಮೀಟರ್ ಇಡುವುದು. ಸಡಿಲ ಕ್ಲಿಪ್‌ನಲ್ಲಿ ಆಗುವ ವೋಲ್ಟೇಜ್ ಡ್ರಾಪ್ ಬ್ಯಾಟರಿಯ ತಲೆಗೆ ಬಂದು, ಒಳ್ಳೆಯದೇ ಫೇಲ್ ಆಗುತ್ತದೆ. ಮೀಟರಿನ ತಂತಿ ನೇರ ಟರ್ಮಿನಲ್ಲಿಗೆ ಮುಟ್ಟಬೇಕು. ಟೆಸ್ಟ್ ಮುಗಿದ ಕೂಡಲೇ ಚಾರ್ಜ್‌ಗೆ ಹಾಕಿ. ಖಾಲಿ ಇಟ್ಟರೆ ಪ್ಲೇಟ್‌ಗಳ ಮೇಲೆ ಲೆಡ್ ಸಲ್ಫೇಟ್ ಗಟ್ಟಿಯಾಗಿ, ಟೆಸ್ಟೇ ಬ್ಯಾಟರಿಯನ್ನು ಕೊಂದಂತಾಗುತ್ತದೆ.

ಪ್ರಶ್ನೆ: ಮಾಸ್ಟರ್ ಸ್ವಿಚ್ ಆಫ್ ಮಾಡಲು ಮರೆತು ಬ್ಯಾಟರಿ ರಾತ್ರಿಯಿಡೀ ಇಳಿದುಹೋಗಿದೆ. ಕಾರಿಗೆ ಕೊಡುವಂತೆ ಹೊರಗಿನಿಂದ ಪವರ್ ಕೊಟ್ಟು ಸ್ಟಾರ್ಟ್ ಮಾಡಿ ಹಾರಿದರೆ, ದಾರಿಯಲ್ಲಿ ಚಾರ್ಜ್ ಆಗುವುದಿಲ್ಲವೇ?

ಉತ್ತರ: ದಯವಿಟ್ಟು ಹಾಗೆ ಹಾರಬೇಡಿ. ಪೂರ್ತಿ ಖಾಲಿಯಾದ ಬ್ಯಾಟರಿಯಲ್ಲಿ ಬ್ಯಾಟರಿ ಕಾಂಟ್ಯಾಕ್ಟರ್ (ಬ್ಯಾಟರಿಯನ್ನು ವಿಮಾನದ ವೈರಿಂಗ್‌ಗೆ ಜೋಡಿಸುವ ವಿದ್ಯುತ್ ಸ್ವಿಚ್) ಎಳೆಯುವಷ್ಟು ವೋಲ್ಟೇಜ್ ಇಲ್ಲದಿರಬಹುದು. ಆಗ ಆಲ್ಟರ್ನೇಟರಿಗೂ ಬ್ಯಾಟರಿಗೂ ಸಂಪರ್ಕವೇ ಆಗುವುದಿಲ್ಲ. ಕೈಯಲ್ಲಿ ಪ್ರೊಪೆಲರ್ ತಿರುಗಿಸಿ ಎಂಜಿನ್ ಎಬ್ಬಿಸಿದರೂ ಅಷ್ಟೇ. ಅದು ಜೀವಕ್ಕೇ ಅಪಾಯಕಾರಿ ಕೂಡ. ಸಂಪರ್ಕ ಆಯಿತು ಎಂದೇ ಇಟ್ಟುಕೊಳ್ಳಿ, ಬರಿದಾದ ಬ್ಯಾಟರಿ ಆರಂಭದಲ್ಲೇ ದೊಡ್ಡ ಕರೆಂಟ್ ನುಂಗಿ ಬಿಸಿಯಾಗುತ್ತದೆ. ಒಂದೆರಡು ಗಂಟೆಯ ಹಾರಾಟದಲ್ಲಿ ಅದು ತುಂಬುವುದಿಲ್ಲ. ಆ ಹೊತ್ತಿನಲ್ಲೇ ಆಲ್ಟರ್ನೇಟರ್ ನಿಂತರೆ ನಿಮ್ಮ ಹಿಂದೆ ಆಸರೆ ಏನೂ ಇಲ್ಲ.

ಬ್ಯಾಟರಿ ಇಳಿಸಿ. ಇಳಿಸುವಾಗ ಮೊದಲು ನೆಗೆಟಿವ್ ಬಿಚ್ಚಿ. ಕೂರಿಸುವಾಗ ನೆಗೆಟಿವ್ ಕೊನೆಗೆ. ಆಳವಾಗಿ ಡಿಸ್ಚಾರ್ಜ್ ಆದದ್ದಕ್ಕೆ ಮ್ಯಾನ್ಯುಯಲ್‌ನಲ್ಲಿ ಪ್ರತ್ಯೇಕ ಕ್ರಮ ಇದೆ: ರೇಟಿಂಗ್‌ನ ಹತ್ತನೇ ಒಂದು ಭಾಗದಷ್ಟು, ಅಂದರೆ 24 ಆಂಪಿಯರ್-ಅವರ್‌ಗೆ 2.4 ಆಂಪಿಯರ್ ಸ್ಥಿರ ಕರೆಂಟ್‌ನಲ್ಲಿ ನಿಧಾನವಾಗಿ ತುಂಬಿಸುವುದು. ಅದಾದ ಮೇಲೆ ಕೆಪ್ಯಾಸಿಟಿ ಟೆಸ್ಟ್. ಪಾಸಾದರೆ ಮಾತ್ರ ವಿಮಾನಕ್ಕೆ.

ಪ್ರಶ್ನೆ: ಹಳೆಯ ಮಾದರಿಯ, ನೀರು ಹಾಕುವ ಬ್ಯಾಟರಿಗೆ ಆರ್.ಓ. ನೀರು ಹಾಕಬಹುದೇ? ಆಸಿಡ್‌ನ ಸಾಂದ್ರತೆ ಅಳೆಯುವ ಹೈಡ್ರೋಮೀಟರ್ ಓದುವುದು ಹೇಗೆ?

ಉತ್ತರ: ಡಿಸ್ಟಿಲ್ಡ್ ವಾಟರ್ ಮಾತ್ರ. ಆರ್.ಓ. ನೀರಿನಲ್ಲೂ ಲವಣ ಉಳಿದಿರುತ್ತದೆ, ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಚಾರ್ಜ್ ಮಾಡಿದ ಮೇಲೆ ಮಟ್ಟ ನೋಡಿ ಹಾಕಿ. ಮೊದಲೇ ತುಂಬಿಸಿದರೆ ಚಾರ್ಜಿಂಗ್‌ನಲ್ಲಿ ಆಸಿಡ್ ಉಕ್ಕಿ, ಬ್ಯಾಟರಿ ಕೂರುವ ಬಾಕ್ಸ್‌ಗೆ ಇಳಿದು ಅಲ್ಯೂಮಿನಿಯಂ ಕೊರೆಯುತ್ತದೆ. ಹೈಡ್ರೋಮೀಟರ್ 1.275ರಿಂದ 1.300 ತೋರಿಸಿದರೆ ಚಾರ್ಜ್ ಚೆನ್ನಾಗಿದೆ, 1.240ಕ್ಕಿಂತ ಕೆಳಗೆ ಇಳಿದಿದ್ದರೆ ಚಾರ್ಜ್ ಬೇಕೇ ಬೇಕು. 21ರಿಂದ 32 ಡಿಗ್ರಿ ಸೆಲ್ಸಿಯಸ್ ಒಳಗೆ ಉಷ್ಣತೆಯ ತಿದ್ದುಪಡಿ ಬೇಕಿಲ್ಲ, ಹಾಗಾಗಿ ಬೆಂಗಳೂರಿನ ಹಗಲಿನಲ್ಲಿ ಬಹುಪಾಲು ನೇರ ಓದಬಹುದು. ಎಲ್ಲ ಸೆಲ್‌ಗಳನ್ನೂ ಓದಿ. ಉಳಿದವೆಲ್ಲ ಸರಿಯಿದ್ದು ಒಂದು ಮಾತ್ರ ಬಹಳ ಕೆಳಗಿದ್ದರೆ ಆ ಸೆಲ್ ಕೆಟ್ಟಿದೆ.

ಚೆಲ್ಲಿದ ಆಸಿಡ್‌ಗೆ ಅಡುಗೆ ಸೋಡಾ ಕರಗಿಸಿದ ನೀರು ಹಾಕಿ, ನೊರೆ ನಿಂತ ಮೇಲೆ ಸಾದಾ ನೀರಿನಲ್ಲಿ ತೊಳೆಯಿರಿ. ಸೆಲ್ ಮುಚ್ಚಳಗಳು ಬಿಗಿಯಾಗಿರಲಿ. ಸೋಡಾ ಒಳಗೆ ಹೋದರೆ ಎಲೆಕ್ಟ್ರೋಲೈಟೇ (ಒಳಗಿನ ಆಸಿಡ್ ದ್ರಾವಣವೇ) ಹಾಳು.

ಪ್ರಶ್ನೆ: ಅಳತೆಗೆ ಸರಿಯಾಗಿ ಕೂರುವ ಕಾರ್ ಬ್ಯಾಟರಿ ಜೆ.ಸಿ. ರಸ್ತೆಯಲ್ಲಿ ಕಡಿಮೆಗೆ ಸಿಗುತ್ತದೆ. ಹಾಕಬಹುದೇ?

ಉತ್ತರ: ಟೈಪ್ ಸರ್ಟಿಫಿಕೇಟ್ (ಮಾದರಿಯ ವಿನ್ಯಾಸಕ್ಕೆ ಸಿಗುವ ಅಧಿಕೃತ ಅನುಮೋದನೆ) ಇರುವ ವಿಮಾನಕ್ಕೆ ಸಲ್ಲದು. ಆ ಮಾದರಿಗೆ ಅನುಮೋದಿತ ಬ್ಯಾಟರಿಯೇ ಬೇಕು, ಬಳಕೆಗೆ ಯೋಗ್ಯ ಎಂಬ ಬಿಡುಗಡೆ ಪ್ರಮಾಣಪತ್ರವೂ ಜೊತೆಗಿರಬೇಕು. ನೀರು ಹಾಕುವ ಬ್ಯಾಟರಿ ತೆಗೆದು ಸೀಲ್ಡ್ ಹಾಕುವುದಾದರೆ ಆ ಬದಲಾವಣೆಗೂ ಅನುಮೋದಿತ ದಾಖಲೆ ಬೇಕು. ತೂಕ ಬದಲಾದರೆ ವೇಟ್ ಅಂಡ್ ಬ್ಯಾಲೆನ್ಸ್ (ವಿಮಾನದ ತೂಕ, ಸಮತೋಲನದ ಲೆಕ್ಕ) ತಿದ್ದಬೇಕು.

ಪ್ರಶ್ನೆ: ನಿಕೆಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಲೆಡ್-ಆಸಿಡ್ ಬ್ಯಾಟರಿಯ ಚಾರ್ಜಿಂಗ್ ರೂಮಿನಲ್ಲೇ ಇಡಬಹುದೇ?

ಉತ್ತರ: ಬೇಡ. ಅದರೊಳಗಿರುವುದು ಕ್ಷಾರ, ಲೆಡ್-ಆಸಿಡ್‌ನ ಆಸಿಡ್ ಆವಿ ಕೂಡ ಅದನ್ನು ಕೆಡಿಸುತ್ತದೆ. ಕೋಣೆ ಬೇರೆ, ಹೈಡ್ರೋಮೀಟರ್, ಆಲಿಕೆ, ಸ್ಪ್ಯಾನರ್‌ಗಳೂ ಬೇರೆ ಇರಲಿ. ಗುರುತಿಗೆ ಬಣ್ಣ ಹಚ್ಚಿಡಿ.