ಪುಣೆಗೆ ಬರುವ ಮುಂಚೆ ಏನು ಓದಲಿ ಅಂದೆಯಲ್ಲ

ತಂಗೀ, ಧಾರವಾಡದಲ್ಲಿ ಬಿಎ ಮುಗಿಸಿ ಅಭಿವೃದ್ಧಿ ಅರ್ಥಶಾಸ್ತ್ರ ಓದೋಕೆ ಪುಣೆಗೆ ಬರ್ತಿದ್ದೀಯಂತೆ. ಮುಂಚೆ ಏನು ಓದಬೇಕು, ಯಾವ ಪಾಡ್‌ಕಾಸ್ಟ್ ಕೇಳಬೇಕು, ಮರಾಠಿ ಬರದಿದ್ದರೆ ನಡೆಯುತ್ತಾ ಅಂತ ಕೇಳಿದ್ದೀಯ. ನಾನೂ ಇದೇ ಓದಿಗೆ ವಿಜಯಪುರದಿಂದ ಬಂದು ಇಲ್ಲೇ ಉಳಿದವಳು. 22 ವರ್ಷ ಆಯ್ತು.

ಮರಾಠಿ ಚಿಂತೆ ಬಿಡು. ಕ್ಲಾಸಿಗೆ ಇಂಗ್ಲಿಷ್ ಸಾಕು. ಹಳ್ಳಿಗೆ ಸರ್ವೇಗೆ ಹೋದಾಗ ಮಾತ್ರ ಸಾಲದು. ಆದರೂ ನಮ್ಮ ಕಡೆಯವರಿಗೆ ಮರಾಠಿ ಬೇಗ ಬಂದುಬಿಡುತ್ತೆ.

ಮೊದಲ ವರ್ಷ ನಾನು ದಪ್ಪ ಪಠ್ಯಪುಸ್ತಕ ಹಿಡಿದು ಸೂತ್ರಗಳನ್ನು ಬಾಯಿಪಾಠ ಮಾಡಿದೆ. ಪಾಸಾದೆ. ಬಡತನ ಅಂದರೇನು ಅಂತ ಯಾರಾದರೂ ಕೇಳಿದ್ದರೆ ಬಾಯಿಗೆ ಮಾತು ಬರ್ತಿರಲಿಲ್ಲ. ನೀನು ಅಮರ್ತ್ಯ ಸೇನ್ ಅವರ 1981ರ 'ಪಾವರ್ಟಿ ಅಂಡ್ ಫ್ಯಾಮಿನ್ಸ್' ಇಂದ ಶುರು ಮಾಡು. 1943ರ ಬಂಗಾಳದ ಕ್ಷಾಮದಲ್ಲಿ ಅಕ್ಕಿ ಎಷ್ಟಿತ್ತು ಅನ್ನೋದಕ್ಕಿಂತ, ಅದನ್ನು ಕೊಳ್ಳುವಷ್ಟು ಕೂಲಿ ಯಾರ ಕೈಗೆ ಬರ್ತಿತ್ತು ಅಂತ ಅವರು ನೋಡ್ತಾರೆ. ಕೊನೆಯ ಗಣಿತದ ಅನುಬಂಧಗಳನ್ನು ಸದ್ಯಕ್ಕೆ ಹಾರಿಸು.

ಆಮೇಲೆ ದಾಂಡೇಕರ್ ಮತ್ತು ರಥ್. ಇಬ್ಬರೂ ಇಲ್ಲಿನ ಗೋಖಲೆ ಸಂಸ್ಥೆಯ ಅರ್ಥಶಾಸ್ತ್ರಜ್ಞರು. ದಿನಕ್ಕೆ 2250 ಕ್ಯಾಲೊರಿ ಹೊಟ್ಟೆಗೆ ಬೀಳಬೇಕಾದರೆ ಎಷ್ಟು ಖರ್ಚಾಗುತ್ತೆ ಅಂತ ಲೆಕ್ಕ ಹಾಕಿ 1971ರಲ್ಲಿ ಬರೆದರು. 1960-61ರ ದರದಲ್ಲಿ ಹಳ್ಳಿಯಲ್ಲಿ ಒಬ್ಬರಿಗೆ ತಿಂಗಳಿಗೆ 15 ರೂಪಾಯಿ, ಪಟ್ಟಣದಲ್ಲಿ 22.50. ಆ ಬಡತನ ರೇಖೆಯ ಮೇಲಿನ ಜಗಳ ಇನ್ನೂ ಮುಗಿದಿಲ್ಲ. ಇದೇ ದಾಂಡೇಕರ್ ಸಮಿತಿ 1984ರಲ್ಲಿ ಮಹಾರಾಷ್ಟ್ರದ ಹಿಂದುಳಿದ ಭಾಗಗಳ ಬಗ್ಗೆ ವರದಿ ಕೊಟ್ಟಿತು. ನಮ್ಮಲ್ಲಿ 2002ರ ನಂಜುಂಡಪ್ಪ ವರದಿ 175 ತಾಲ್ಲೂಕುಗಳಲ್ಲಿ 114 ಹಿಂದುಳಿದವು ಅಂತ ಹೇಳಿತು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಓದು. ನಿನ್ನ ತಾಲ್ಲೂಕು ಎಲ್ಲಿದೆ ಹುಡುಕದೆ ಇರೋಕೆ ಆಗಲ್ಲ ನೋಡು.

ಅರ್ಥಶಾಸ್ತ್ರಜ್ಞರಾದ ಬ್ಯಾನರ್ಜಿ, ಡುಫ್ಲೋ ಅವರ 'ಪೂರ್ ಎಕನಾಮಿಕ್ಸ್' ಓದು ಅಂತ ಎಲ್ಲರೂ ಹೇಳ್ತಾರೆ. ಚೆನ್ನಾಗಿದೆ, ಸಲೀಸಾಗಿ ಓದಿಸಿಕೊಳ್ಳುತ್ತೆ. ಆದರೆ ಮೊದಲಿಗೇ ಬೇಡ. ಬಡವರಿಗೆ ಯಾವ ನೆರವು ಉಪಯೋಗಕ್ಕೆ ಬರುತ್ತೆ ಅಂತ ನೋಡುವ ಸಣ್ಣ ಸಣ್ಣ ಪ್ರಯೋಗಗಳ ಗುಂಗಿನಲ್ಲಿ ಹೊಲ ಯಾರದು ಅನ್ನೋ ಪ್ರಶ್ನೆ ಹಿಂದೆ ಬೀಳುತ್ತೆ. ಇದು ನನ್ನ ಹಟ ಅಂದ್ಕೋ.

ಇನ್ನು ಕೇಳೋದು. ಅಮಿತ್ ವರ್ಮಾ ಅವರ 'ದ ಸೀನ್ ಅಂಡ್ ದಿ ಅನ್‌ಸೀನ್' ಇದೆ, ಒಂದೊಂದು ಕಂತು ಗಂಟೆಗಟ್ಟಲೆ. ಅವರು ಮಾರುಕಟ್ಟೆಯ ಪರ, ಅದನ್ನು ತಲೆಯಲ್ಲಿಟ್ಟುಕೊಂಡು ಕೇಳು. ಪಾತ್ರೆ ತೊಳೆಯುವಾಗ ನಾನು ಕೇಳೋದು ಅದನ್ನೇ.

ನಿಜಕ್ಕೂ ಕೇಳಬೇಕಾದದ್ದು ಬೇರೆ. ಪುಣೆಯಲ್ಲಿದ್ದ ಸಂಶೋಧಕರಾದ ಹೇಮಾ ರಾಯರ್ಕರ್ ಮತ್ತು ಗೀ ಪ್ವಾತ್ವಾಂ ಜೊತೆಗಾರರನ್ನು ಕಟ್ಟಿಕೊಂಡು ಹಳ್ಳಿ ಹೆಂಗಸರ ಬೀಸುಕಲ್ಲಿನ ಪದಗಳನ್ನು ಕೂಡಿಸಿದರು. ಒಂದು ಲಕ್ಷಕ್ಕೂ ಜಾಸ್ತಿ. ಈಗ ಪತ್ರಕರ್ತ ಪಿ. ಸಾಯಿನಾಥ್ ಶುರು ಮಾಡಿದ, ಹಳ್ಳಿ ಬದುಕನ್ನು ದಾಖಲಿಸುವ ಜಾಲತಾಣ 'ಪರಿ'ಯಲ್ಲಿ ಸುಮ್ನೆ ಕೂತು ಕೇಳಬಹುದು. ಮರಾಠಿಯಲ್ಲಿ ಓವಿ ಅಂತಾರೆ. ತವರು, ಅತ್ತೆಮನೆ, ಮಳೆ, ಬಾಬಾಸಾಹೇಬರು, ಎಲ್ಲಾ ಬರುತ್ತೆ. ಮೊದಲ ಸಲ ಕೇಳಿದಾಗ ಅರ್ಧ ಅರ್ಥ ಆಗಲಿಲ್ಲ, ಆದರೆ ಆ ಧಾಟಿ ನಮ್ಮ ಅಜ್ಜಿಯದೇ. ಬೆಳಗಿನ ಜಾವ ಜೋಳ ಬೀಸುತ್ತಾ ಹಾಡ್ತಿದ್ದಳು. ಅದು ದುಡಿಮೆ ಅಂತ ಮನೆಯಲ್ಲಿ ಯಾರೂ ಅಂದವರಲ್ಲ. ಕೇಳಿದ ಮೇಲೆ ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ತೆಗೆ. ಸಂಬಳವಿಲ್ಲದ ಮನೆಗೆಲಸಕ್ಕೆ ಅದನ್ನು ಮಾಡುವ ಹೆಂಗಸರು ಆಗ ದಿನಕ್ಕೆ 299 ನಿಮಿಷ ಕೊಡ್ತಿದ್ದರು, ಗಂಡಸರು 97. ಆ ಅಂಕಿಗೆ ಅಜ್ಜಿಯ ದನಿ ಅಂಟಿಕೊಂಡು ಬರುತ್ತೆ ನನಗೆ.

ಬೆಳಿಗ್ಗೆ ಕೂಲಿಯವರು ನಿಲ್ಲುವ ಮಜೂರ ಅಡ್ಡಾಕ್ಕೂ ಒಂದು ದಿನ ಹೋಗೋಣ. ಕಲಬುರಗಿ, ಯಾದಗಿರಿ ಕಡೆಯಿಂದ ಗುಳೆ ಬಂದವರ ಕನ್ನಡ ಕಿವಿಗೆ ಬೀಳುತ್ತೆ. ಅವರ ಹತ್ತಿರ ಪಟಪಟ ಪ್ರಶ್ನೆಪಟ್ಟಿ ತೆಗೀಬೇಡ. ನಾನು ಹಾಗೆ ಮಾಡಿ, "ನಿಂಗೇನವ್ವಾ, ಇವತ್ತಿನ ಪಗಾರ ನೀ ಕೊಡ್ತೀಯೇನು?" ಅಂತ ಅನ್ನಿಸಿಕೊಂಡಿದ್ದೀನಿ.

ಭಾನುವಾರ ಫೋನ್ ಮಾಡು, ಪುಸ್ತಕದಂಗಡಿಗಳಿರುವ ಅಪ್ಪಾ ಬಳವಂತ ಚೌಕಿನಲ್ಲಿ ಪುಸ್ತಕ ನೋಡಿ ಬರೋಣ. ಬರುವಾಗ ಊರಿನ ಶೇಂಗಾ ಚಟ್ನಿ ತಾ, ಇಲ್ಲಿನದು ನನ್ನ ನಾಲಿಗೆಗೆ ಇನ್ನೂ ಹತ್ತಿಲ್ಲ.