ಪುಸ್ತಕಗಳನ್ನು ಸ್ಕ್ಯಾನ್ ಮಾಡಿಟ್ಟ ಮೇಲೂ ಗ್ರಂಥಾಲಯಕ್ಕೆ ಡಿಜಿಟಲ್ ಸಂರಕ್ಷಣಾ ನೀತಿ ಏಕೆ ಬೇಕು?

ಸ್ಕ್ಯಾನಿಂಗ್ ಒಮ್ಮೆ ಮುಗಿಯುವ ಕೆಲಸ. ಆ ಕಡತ ಮುಂದೆಯೂ ಓದಲು ಸಿಗುವಂತೆ ನೋಡಿಕೊಳ್ಳುವುದು ಪ್ರತಿವರ್ಷ ಹಣ ಮತ್ತು ಗಮನ ಬೇಡುವ ಕೆಲಸ. ಅದರ ಹೊಣೆ ಯಾರದು, ಖರ್ಚು ಎಲ್ಲಿಂದ ಎಂಬುದು ಲಿಖಿತವಾಗಿ ಇಲ್ಲದಿದ್ದರೆ ಸಂಗ್ರಹ ಸದ್ದಿಲ್ಲದೆ ಕೈತಪ್ಪುತ್ತದೆ.

ಕಪಾಟಿನಲ್ಲಿ ಮರೆತ ಪುಸ್ತಕವನ್ನು ಧೂಳು ಕೊಡವಿ ಓದಬಹುದು, ಗೆದ್ದಲು ಬಿಟ್ಟಿದ್ದರೆ. ಡಿಜಿಟಲ್ ಕಡತಕ್ಕಾದರೋ ಅದನ್ನು ಅರ್ಥೈಸುವ ಯಂತ್ರವೂ ತಂತ್ರಾಂಶವೂ ಜೊತೆಗಿರಬೇಕು. ಎಲ್ಲ ಭಾಷೆಗಳ ಅಕ್ಷರಗಳಿಗೂ ಪ್ರತ್ಯೇಕ ಸಂಕೇತ ಕೊಡುವ ಯೂನಿಕೋಡ್‌ಗೆ ಮುಂಚಿನ ವಿಧಾನದಲ್ಲಿ ನುಡಿ, ಬರಹ ತಂತ್ರಾಂಶಗಳಿಂದ ಬೆರಳಚ್ಚಿಸಿದ ಕಡತಗಳನ್ನೇ ನೋಡಿ: ಅವುಗಳೊಳಗೆ ಇರುವುದು ರೋಮನ್ ಅಕ್ಷರ, ಚಿಹ್ನೆಗಳ ಸಂಕೇತಗಳು, ಅವಕ್ಕೆ ಕನ್ನಡದ ರೂಪ ಕೊಡುವುದು ಫಾಂಟ್. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ, ಕಡತ ಒಂದಿಷ್ಟೂ ಕೆಡದಿದ್ದರೂ, ಪರದೆಯ ತುಂಬ ಅರ್ಥವಿಲ್ಲದ ಗೀಚು ಕಾಣುತ್ತದೆ.

ಆದ್ದರಿಂದ ನೀತಿಯು ಸ್ಕ್ಯಾನಿನ ಮೂಲಪ್ರತಿಯನ್ನು ಟಿಫ್‌ನಂತಹ ವ್ಯಾಪಕ ಬಳಕೆಯ ಚಿತ್ರ-ಕಡತ ನಮೂನೆಯಲ್ಲಿ ಇಡುವುದು, ಪ್ರತಿಗಳನ್ನು ಬೇರೆ ಬೇರೆ ಊರುಗಳಲ್ಲಿ ಕಾಯ್ದಿರಿಸುವುದು, ಕಡತ ಬದಲಾಗಿದೆಯೇ ಎಂದು ಚೆಕ್‌ಸಮ್ ಮೂಲಕ, ಅಂದರೆ ಕಡತದಿಂದಲೇ ಲೆಕ್ಕಹಾಕಿದ ಗುರುತು ಸಂಖ್ಯೆಯ ಮೂಲಕ, ಆಗಾಗ ಪರೀಕ್ಷಿಸುವುದು ಇವನ್ನು ನಿಗದಿಪಡಿಸಬೇಕು. ಹಕ್ಕುಸ್ವಾಮ್ಯವೂ ಅದರಲ್ಲಿ ಬರಬೇಕು: ಭಾರತದಲ್ಲಿ ಅದು ಸಾಮಾನ್ಯವಾಗಿ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಉಳಿಯುವುದರಿಂದ, ಸ್ಕ್ಯಾನ್ ಮಾಡಿದ್ದನ್ನೆಲ್ಲ ಜಾಲತಾಣದಲ್ಲಿ ಹಾಕುವಂತಿಲ್ಲ.