ಆಯಿಲ್ ಸೋರಿದರೆ ಬೋಲ್ಟ್ ಬಿಗಿಯಬೇಡಿ, ಹಳೇ ಫಿಲ್ಟರ್ ನೋಡಿ

ಪುಣೆ ಪಕ್ಕದ ಪಿಂಪ್ರಿಯ ಮನೆ ಕೆಳಗೆ ನೀವೇ ಕಾರಿನ ಆಯಿಲ್, ಫಿಲ್ಟರ್ ಬದಲಾಯಿಸಿದ್ದೀರಿ, ಸ್ಟಾರ್ಟ್ ಮಾಡಿದ ಕೂಡಲೇ ಕೆಳಗೆ ಆಯಿಲ್ ಸುರಿಯಿತು, ಹಳೇ ಆಯಿಲ್ ಇಳಿಸುವ ಡ್ರೈನ್ ಬೋಲ್ಟ್ ಇನ್ನೂ ಬಿಗಿ ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ. ಥ್ರೆಡ್ ಹೋದರೆ ಇಂಜಿನ್ ತಳದ ಆಯಿಲ್ ಪ್ಯಾನನ್ನೇ ಬಿಚ್ಚಿಸಬೇಕಾಗಬಹುದು. ಇಂಜಿನ್ನನ್ನೂ ಮತ್ತೆ ಸ್ಟಾರ್ಟ್ ಮಾಡಬೇಡಿ.

ಮೊದಲು ಹಳೇ ಫಿಲ್ಟರ್‌ನ ಬಾಯಿ ನೋಡಿ. ಸುತ್ತ ಕಪ್ಪು ರಬ್ಬರ್ ರಿಂಗ್ ಇದೆಯಾ? ಇಲ್ಲ ಅಂದರೆ ಅದು ಇಂಜಿನ್‌ಗೇ ಅಂಟಿಕೊಂಡಿರುತ್ತದೆ. ಅದರ ಮೇಲೆ ಹೊಸ ಫಿಲ್ಟರ್ ಕೂತರೆ ಎರಡು ರಿಂಗ್ ಆಗುತ್ತವೆ, ಕೈಗೆ ಗಟ್ಟಿಯಾಗಿಯೇ ಇದೆ ಅನಿಸುತ್ತದೆ, ಆದರೆ ಆಯಿಲ್ ಪ್ರೆಶರ್ ಬಂತೋ, ರಿಂಗ್ ಜಾರುತ್ತದೆ. ಕೋಥ್ರೂಡ್‌ನಲ್ಲಿ ನನಗೂ ಇದೇ ಆಯಿತು. ಬಟ್ಟೆ ಸುತ್ತಿ ಒರೆಸುವಾಗ ರಿಂಗ್ ಉಗುರಿಗೆ ಸಿಕ್ಕಿತು, ಹಳೇ ಬಳೆ ಥರ. ಹೊಸ ಆಯಿಲ್ ಎಲ್ಲಾ ನೆಲದ ಪಾಲು. ಪಕ್ಕದ ಮನೆ ಕಾಕೂ ಒಂದು ಮಾತೂ ಬೈಯದೆ ಮರದ ಹೊಟ್ಟು ತಂದು ಸುರಿದರು, ಅವರನ್ನು ಈಗಲೂ ನೆನೆಯುತ್ತೇನೆ.

ಹೊಸ ಫಿಲ್ಟರ್ ಬಿಚ್ಚಿ, ಅಂಟಿದ ಹಳೇ ರಿಂಗ್ ತೆಗೆದು, ಹೊಸ ರಿಂಗಿಗೆ ಬೆರಳಲ್ಲಿ ಸ್ವಲ್ಪ ಆಯಿಲ್ ಸವರಿ. ಪಾನಾ (ಸ್ಪ್ಯಾನರ್) ಬೇಡ, ಫಿಲ್ಟರನ್ನು ಕೈಯಲ್ಲೇ ತಿರುಗಿಸಿ. ರಿಂಗ್ ತಾಗಿದ ಮೇಲೆ ಸಾಮಾನ್ಯವಾಗಿ ಮುಕ್ಕಾಲು ಸುತ್ತು ಸಾಕು, ಫಿಲ್ಟರ್ ಮೇಲೆ ಬರೆದಿದ್ದರೆ ಅದನ್ನೇ ನಂಬಿ. ಡ್ರೈನ್ ಬೋಲ್ಟಿಗೆ ಹೊಸ ವಾಷರ್ ಹಾಕಿ, ಪುಣೆಯ ನಾನಾ ಪೇಟ್‌ನಲ್ಲಿ ಸಿಗುತ್ತದೆ, ಹಳೇದನ್ನು ಜೇಬಲ್ಲಿ ಇಟ್ಟುಕೊಂಡು ಹೋಗಿ.

ಮತ್ತೆ, ಬರೀ ಜಾಕ್ ನಂಬಿ ಕಾರಿನ ಕೆಳಗೆ ಹೋಗಬೇಡಿ. ಸ್ಟ್ಯಾಂಡ್ ಇಡಿ. ರಿಂಗ್ ಸಿಕ್ಕಿತಾ ಅಂತ ಇಲ್ಲೇ ಬರೆಯಿರಿ, ಕಾಯುತ್ತಿರುತ್ತೇನೆ.